ಕುಡಿತ ಬಿಡಲು ಎಎ ಸಭೆ: ಕೊಡಗಿನಲ್ಲಿ ಹುಡುಕುವುದು ಹೇಗೆ?

ಪ್ರಶ್ನೆ: ಪೊನ್ನಂಪೇಟೆ ಹತ್ತಿರ ತೋಟದಲ್ಲಿರುವ ನಮ್ಮಣ್ಣ ಕುಡಿತ ಬಿಡಲು ಒಪ್ಪಿದ್ದಾನೆ. ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು) ಸಭೆ ಎಲ್ಲಿದೆ ಎಂದು ಯಾರನ್ನು ಕೇಳಬೇಕು? ದುಡ್ಡು ಕಟ್ಟಬೇಕಾ? ಹೆಸರು ಹೊರಬರುತ್ತಾ?

ಉತ್ತರ 1: ಸಭೆಗಿಂತ ಮೊದಲು ವೈದ್ಯರು. ದಿನಾ ಕುಡಿಯುವವರು ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು. 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು, ಎರಡು-ಮೂರನೇ ದಿನ ಇಲ್ಲದ್ದೆಲ್ಲ ಕಾಣಬಹುದು. ಬೆಳಿಗ್ಗೆ ಕಾಫಿ ಲೋಟ ತುಳುಕುವಷ್ಟು ಕೈ ನಡುಗುತ್ತಿದ್ದರೆ ನೇರ ಮಡಿಕೇರಿ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಎಷ್ಟು ಕುಡಿಯುತ್ತಾರೆ, ಕೊನೆಗೆ ಕುಡಿದದ್ದು ಯಾವಾಗ, ಮುಚ್ಚಿಡದೆ ಹೇಳಿ.

ಉತ್ತರ 2: ವ್ಯಸನಮುಕ್ತಿ ಸಹಾಯವಾಣಿ 14446, ಉಚಿತ. ಸಭೆಯ ಜಾಗ, ಹೊತ್ತು ಬದಲಾಗುತ್ತಿರುತ್ತದೆ. ಹೊರಡುವ ದಿನವೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. 'ಓಪನ್' ಸಭೆಗೆ ನೀವೂ ಜೊತೆಗೆ ಹೋಗಬಹುದು, 'ಕ್ಲೋಸ್ಡ್' ಆದರೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಶುಲ್ಕವಿಲ್ಲ, ಪೂರ್ತಿ ಹೆಸರು ಬೇಕಿಲ್ಲ. ಮೊದಲ ದಿನ ಸುಮ್ಮನೆ ಕೂತು ಕೇಳಿದರೂ ಸಾಕು.

ಉತ್ತರ 3: ಹೆಚ್ಚಿನವರು ಸಭೆ ತಪ್ಪಿಸಿಕೊಳ್ಳುವುದು ವಾಪಸ್ ಬಸ್ ಸಿಗದೆ. ಮಳೆಗಾಲದಲ್ಲಿ ಆನ್‌ಲೈನ್ ಸಭೆ ಹಿಡಿಯಿರಿ. ಪುತ್ತರಿ, ಮದುವೆ ಮನೆಯಲ್ಲಿ ಹೋದ ಕೂಡಲೇ ಜ್ಯೂಸ್ ಲೋಟ ಕೈಯಲ್ಲಿರಲಿ. ಖಾಲಿ ಕೈ ಕಂಡರೆ ನೆಂಟರು ಸುರಿದೇ ಬಿಡುತ್ತಾರೆ. ನಿಮಗಾಗಿ, ಅಂದರೆ ಕುಡಿಯುವವರ ಮನೆಯವರಿಗಾಗಿ, ಅಲ್-ಅನಾನ್ ಎಂಬ ಗುಂಪು ಇದೆ, ಅದನ್ನೂ ವಿಚಾರಿಸಿ.