ಪರಮವೀರ ಚಕ್ರಕ್ಕೆ ಯಾವ ಬಣ್ಣ ಹೊಡೆಯಲಿ? ಹೆಡ್‌ಮಾಸ್ತರು ಬಂಗಾರ ಅಂತಾರೆ

ಬೋರ್ಡ್ ಪೇಂಟರ್, ಕುಮಟಾ:

ನಾನು ಬೋರ್ಡ್ ಬರೆಯುವವನು. ಫ್ಲೆಕ್ಸ್ ಬಂದ ಮೇಲೆ ಅಂಗಡಿ ಬೋರ್ಡಿನ ಕೆಲಸ ಹೋಯಿತು. ಈಗ ಶಾಲೆಯ ಗೋಡೆಗಳೇ ಹೊಟ್ಟೆಪಾಡು. ಅಂಕೋಲಾ ಹತ್ತಿರದ ಒಂದು ಶಾಲೆಯವರು ಪರಮವೀರ ಚಕ್ರ ಪಡೆದ ಯೋಧ, ನಮ್ಮ ಕಾರವಾರ ಚೆಂಡಿಯೆಯ ರಾಮ ರಾಘೋಬಾ ರಾಣೆಯವರ ಚಿತ್ರ ಬರೆಯಲು ಹೇಳಿದ್ದಾರೆ. ಪಕ್ಕದಲ್ಲಿ ನಾಲ್ಕಡಿ ಅಗಲದ ಪರಮವೀರ ಚಕ್ರ.

ತಕರಾರು ಶುರುವಾಗಿದ್ದು ಬಣ್ಣದಲ್ಲಿ. ಹೆಡ್‌ಮಾಸ್ತರು "ದೇಶದ ಅತಿ ದೊಡ್ಡ ಪದಕ ಮಾರಾಯಾ, ಬಂಗಾರದ ಬಣ್ಣ ಹೊಡಿ" ಅಂತಾರೆ. ಒಂದು ಡಬ್ಬಿ ತಂದೂ ಕೊಟ್ಟಿದ್ದಾರೆ. ಮೊಬೈಲಿನಲ್ಲಿ ಹುಡುಕಿದರೆ ಒಂದು ಫೋಟೋದಲ್ಲಿ ಕಂದು, ಇನ್ನೊಂದರಲ್ಲಿ ಹಳದಿ. ರಿಬ್ಬನ್ನೂ ಹಾಗೇ. ಒಂದು ಕಡೆ ನೇರಳೆ, ಮತ್ತೊಂದು ಕಡೆ ಹಸಿರು, ನಡುವೆ ಕೇಸರಿ ಗೆರೆ.

ಇನ್ನೊಂದು ಮರ್ಯಾದೆ ಹೋಗುವ ವಿಷಯವನ್ನೂ ಹೇಳಿಬಿಡುತ್ತೇನೆ. ಎಲ್ಲೋ "ಪದಕದ ಮೇಲೆ ನಾಲ್ಕು ವಜ್ರ" ಅಂತ ಓದಿದೆ. ಉಂಗುರದ ಹರಳಿನ ಹಾಗೆ ನಾಲ್ಕು ವಜ್ರ ಬರೆದೆ, ಮಿಂಚೂ ಕೊಟ್ಟೆ. ಏಳನೇ ಕ್ಲಾಸಿನ ಒಬ್ಬಳು ಹುಡುಗಿ ಬಂದು "ಇದು ಬಂಗಾರದಂಗಡಿ ಬೋರ್ಡಾ ಅಂಕಲ್?" ಅಂದಳು. ಸುಣ್ಣ ಹೊಡೆದು ಅಳಿಸಿದ್ದೇನೆ. ಗೊತ್ತಿದ್ದವರು ಹೇಳಿ. ಸೋಮವಾರದೊಳಗೆ ಮುಗಿಸಬೇಕು.

ಮಾಜಿ ಸ್ಯಾಪರ್, ಅಂಕೋಲಾ:

ತಮ್ಮಾ, ಬಂಗಾರದ ಡಬ್ಬಿ ಬದಿಗಿಡು. ಪರಮವೀರ ಚಕ್ರ ಕಂಚಿನದು.

ನಾನು ಬಾಂಬೆ ಸ್ಯಾಪರ್ಸ್‌ನಲ್ಲಿದ್ದವನು. ಸೇನೆಗೆ ದಾರಿ, ಸೇತುವೆ ಮಾಡಿಕೊಡುವ, ನೆಲದಲ್ಲಿ ಹುಗಿದ ಮೈನ್ ಅಂದರೆ ಸಿಡಿಮದ್ದು ತೆಗೆಯುವ ದಳ ಅದು. ರಾಣೆ ಸಾಹೇಬರೂ ಅದೇ ದಳದವರು. ನನ್ನ ಎದೆಗೆ ಬಂದಿದ್ದೆಲ್ಲ ಸರ್ವೀಸ್ ಮೆಡಲ್. ಅಷ್ಟು ವರ್ಷ ದುಡಿದಿದ್ದಕ್ಕೆ, ಇಂಥ ಜಾಗದಲ್ಲಿ ಇದ್ದಿದ್ದಕ್ಕೆ ಕೊಡುವಂಥದ್ದು. ಊರಲ್ಲಿ ಅದನ್ನೇ ಶೌರ್ಯ ಪದಕ ಅಂತ ಹೇಳಿಕೊಂಡು ತಿರುಗುತ್ತಾರೆ. ತಿದ್ದಿ ತಿದ್ದಿ ಸಾಕಾಗಿದೆ.

ನಿನ್ನ ಹೆಡ್‌ಮಾಸ್ತರು ಎಡವಿದ ಜಾಗದಲ್ಲಿ ಜಾಸ್ತಿ ಜನ ಎಡವುತ್ತಾರೆ. ಓಟದ ಸ್ಪರ್ಧೆಯಲ್ಲಿ ಬಂಗಾರ, ಬೆಳ್ಳಿ, ಕಂಚು ಅಂತ ಇರುತ್ತದಲ್ಲ, ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಯುದ್ಧದ ಪದಕಗಳಲ್ಲಿ ಎಲ್ಲಕ್ಕಿಂತ ಮೇಲಿನ ಪರಮವೀರ ಚಕ್ರ ಕಂಚು. ಅದರ ಕೆಳಗಿನ ಮಹಾವೀರ ಚಕ್ರ, ವೀರ ಚಕ್ರ ಎರಡೂ ಬೆಳ್ಳಿ. ಬ್ರಿಟಿಷರ ವಿಕ್ಟೋರಿಯಾ ಕ್ರಾಸ್ ಕೂಡ ಕಂಚಿನದೇ.

ನೀನು ನೋಡಿದ ಹಸಿರು ರಿಬ್ಬನ್ ಅಶೋಕ ಚಕ್ರದ್ದು. ಅದು ಶತ್ರುವಿನ ಎದುರು ನಡೆದ ಯುದ್ಧಕ್ಕಲ್ಲದೆ ಬೇರೆ ಕಡೆ ತೋರಿದ ಶೌರ್ಯಕ್ಕೆ. ಅದಕ್ಕೆ ಬಂಗಾರದ ಗಿಲೀಟು ಇದೆ. ಆ ಸಾಲಿನಲ್ಲಿ ಮಾತ್ರ ಓಟದ ಲೆಕ್ಕ ಸರಿ: ಅಶೋಕ ಚಕ್ರ ಬಂಗಾರದ ಬಣ್ಣ, ಕೀರ್ತಿ ಚಕ್ರ ಬೆಳ್ಳಿ, ಶೌರ್ಯ ಚಕ್ರ ಕಂಚು. ಹಸಿರು ಪಟ್ಟಿಯ ಮೇಲೆ ಕೇಸರಿ ಗೆರೆ ಒಂದು, ಎರಡು, ಮೂರು. ಗೆರೆ ಜಾಸ್ತಿಯಾದಷ್ಟೂ ಪದಕ ಕೆಳಗಿನದು. 1967ರ ತನಕ ಇವುಗಳಿಗೆ ಬೇರೆ ಹೆಸರೇ ಇರಲಿಲ್ಲ. ಅಶೋಕ ಚಕ್ರ ಒಂದನೇ ದರ್ಜೆ, ಎರಡನೇ ದರ್ಜೆ, ಮೂರನೇ ದರ್ಜೆ ಅಂತಿತ್ತು.

ನಿನ್ನ ಗೋಡೆಗೆ ಬರೋಣ. ಪರಮವೀರ ಚಕ್ರದ ರಿಬ್ಬನ್ ಬರೀ ನೇರಳೆ. ಗೆರೆ ಇಲ್ಲ, ಅಂಚಿಲ್ಲ. ಪದಕ ದುಂಡಗೆ, ಅಡ್ಡಳತೆ 35 ಮಿಲಿಮೀಟರ್. ಒಂದೂವರೆ ಇಂಚೂ ಇಲ್ಲ, ನೀನು ನಾಲ್ಕಡಿ ಮಾಡಿದ್ದೀಯಾ. ರಿಬ್ಬನ್ ಅಗಲ 32 ಮಿಲಿಮೀಟರ್. ಹಾಗಾಗಿ ಪದಕಕ್ಕಿಂತ ರಿಬ್ಬನ್ ಒಂದು ಚೂರು ಸಪೂರ ಇರಬೇಕು, ಅಷ್ಟೇ. ಶಾಲಾ ಗೋಡೆಗಳಲ್ಲಿ ಲಂಗೋಟಿಯಷ್ಟು ಸಣ್ಣ ರಿಬ್ಬನ್ ಬರೆದಿರುವುದು ನೋಡಿದ್ದೇನೆ. ಮುಂಭಾಗದಲ್ಲಿ "ಪರಮವೀರ ಚಕ್ರ" ಅಂತ ಬರೆಯಬೇಡ. ಹೆಸರು ಇರುವುದು ಹಿಂಭಾಗದಲ್ಲಿ, ಹಿಂದಿ ಮತ್ತು ಇಂಗ್ಲಿಷಿನಲ್ಲಿ, ನಡುವೆ ಎರಡು ಕಮಲ. ಪದಕ ತಿರುಗುವ ಕೊಂಡಿಗೆ ನೇತಾಡುತ್ತದೆ. ಆ ಕೊಂಡಿ ಮರೆಯಬೇಡ.

ಇನ್ನೊಂದು ಮಾತು. ಸಾಹೇಬರ ಯಾವ ಚಿತ್ರ ಬರೆಯುತ್ತಿದ್ದೀಯಾ? ಮೈನ್ ತೆಗೆಯುವುದಾದರೆ ಎದೆಗೆ ಪದಕ ಹಾಕಬೇಡ. ಜಮ್ಮು-ಕಾಶ್ಮೀರದ ನೌಶೇರಾದಿಂದ ರಾಜೌರಿಯ ದಾರಿ ಅವರು ಬಿಡಿಸಿದ್ದು 1948ರ ಏಪ್ರಿಲ್ 8ರಿಂದ. ಶತ್ರುಗಳು ರಸ್ತೆಗೆ ಮರ ಕಡಿದು ಬೀಳಿಸಿದ್ದರು, ಮೈನ್ ಹುಗಿದಿದ್ದರು. ಇವರು ಟ್ಯಾಂಕಿನ ಅಡಿಯಲ್ಲಿ ತೆವಳುತ್ತಾ, ಮೈನ್ ಕಂಡಾಗ ಹಗ್ಗ ಜಗ್ಗಿ ಚಾಲಕನಿಗೆ ಸೂಚನೆ ಕೊಡುತ್ತಾ ಹೋದರು. ತೊಡೆಗೆ ಗಾಯವಾಗಿತ್ತು. ಆಗ ಅವರು ಸೆಕೆಂಡ್ ಲೆಫ್ಟಿನೆಂಟ್. ಮೇಜರ್ ಆಗಿದ್ದು ಆಮೇಲೆ. ಪರಮವೀರ ಚಕ್ರ ಹುಟ್ಟಿದ್ದೇ 1950ರ ಜನವರಿ 26ಕ್ಕೆ. 1947ರ ಆಗಸ್ಟ್ 15ರಿಂದ ಅನ್ವಯ ಅಂತ ಮಾಡಿದ್ದರಿಂದ ಅವರಿಗೆ ಸಿಕ್ಕಿತು. ಒಟ್ಟು 21 ಜನರಿಗೆ ಈ ಪದಕ ಬಂದಿದೆ, ಅದರಲ್ಲಿ 14 ಸತ್ತ ಮೇಲೆ ಕೊಟ್ಟಿದ್ದು. ನಮ್ಮವರು ತಾವೇ ಎದೆಗೆ ಹಾಕಿಕೊಂಡರು.

ಕನ್ನಡ ಟೀಚರ್, ಶಿರಸಿ:

ಪೇಂಟರ್ ಅವರೇ, ಹರಳು ಬರೆದಿದ್ದು ಓದಿ ನಗು ತಡೆಯಲಾಗಲಿಲ್ಲ, ಕ್ಷಮಿಸಿ. ತಪ್ಪು ನಿಮ್ಮದಲ್ಲ, ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಶಬ್ದ. ಇದು ಇಂದ್ರನ ವಜ್ರಾಯುಧ. ದಧೀಚಿ ಮುನಿ ತನ್ನ ಬೆನ್ನೆಲುಬು ಕೊಟ್ಟು, ಅದರಿಂದ ಮಾಡಿಸಿದ್ದು. ಅದರಿಂದಲೇ ವೃತ್ರಾಸುರ ಸತ್ತಿದ್ದು. ನಡುವೆ ಹಿಡಿ, ಎರಡೂ ತುದಿ ಅರಳಿದ ಹಾಗೆ. ಅಂಥವು ನಾಲ್ಕು, ನಾಲ್ಕು ದಿಕ್ಕಿಗೆ ಒಂದೊಂದು. ಮಧ್ಯದಲ್ಲಿ ಸಿಂಹಗಳ ರಾಷ್ಟ್ರ ಲಾಂಛನ.

ಇದನ್ನು ರೂಪಿಸಿದವರ ವಿಷಯವನ್ನೂ ಮಕ್ಕಳಿಗೆ ಹೇಳಿ. ಸಾವಿತ್ರಿ ಖಾನೋಲ್ಕರ್. ಹುಟ್ಟಿದ್ದು 1913ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ, ಅಪ್ಪ ಹಂಗೇರಿಯವರು, ಅಮ್ಮ ರಷ್ಯಾದವರು. ನಮ್ಮ ಸೇನೆಯ ಅಧಿಕಾರಿ ವಿಕ್ರಮ್ ಖಾನೋಲ್ಕರ್ ಅವರನ್ನು ಮದುವೆಯಾಗಲು ಇಲ್ಲಿಗೆ ಬಂದವರು. ಸಂಸ್ಕೃತ, ಪುರಾಣ ಎಲ್ಲ ಓದಿಕೊಂಡಿದ್ದರು. ಮೇಜರ್ ಜನರಲ್ ಹೀರಾಲಾಲ್ ಅಟಲ್ ಹೇಳಿದ ಮೇಲೆ ಇದರ ವಿನ್ಯಾಸ ಮಾಡಿದರು. ದಧೀಚಿಯ ಕಥೆ ಬಾಯಿಪಾಠ ಇರುವ ನಮಗೆ ಇದು ಹೊಳೆಯುತ್ತಿತ್ತಾ? ನನಗಂತೂ ಅನುಮಾನ.

ಕಾರವಾರದ ಹುಡುಗ:

ನಮ್ಮ ಬೀಚಿನಲ್ಲಿ ಯುದ್ಧನೌಕೆ ಚಾಪೆಲ್ ಇದೆಯಲ್ಲ, ಅಲ್ಲೇ ರಾಣೆಯವರ ಪ್ರತಿಮೆ ಇದೆ. ಒಮ್ಮೆ ಬಂದು ಮುಖ ನೋಡಿಕೊಂಡು ಹೋಗಿ. ಸೆಲ್ಫಿಯಲ್ಲಿ ತೆಗೆಯಬೇಡಿ, ಫೋಟೋ ಉಲ್ಟಾ ಬಂದು ಪದಕ ಬಲಗಡೆ ಹೋಗುತ್ತದೆ. ಪದಕ ಹಾಕುವುದು ಎಡ ಎದೆಗೆ.

ಬೋರ್ಡ್ ಪೇಂಟರ್, ಕುಮಟಾ:

ಎಲ್ಲರಿಗೂ ಉಪಕಾರ. ಸ್ಯಾಪರ್ ಸರ್, ನಾನು ಮೈನ್ ತೆಗೆಯುವ ಚಿತ್ರವನ್ನೇ ಬರೆಯುತ್ತಿದ್ದೆ, ಎದೆಗೆ ಪದಕವನ್ನೂ ಹಾಕಿದ್ದೆ. ಅಳಿಸಿದೆ.

ಕಂಚಿನ ಬಣ್ಣ ರೆಡಿಮೇಡ್ ಡಬ್ಬಿಯಲ್ಲಿ ಸರಿಯಾಗಿ ಸಿಗುವುದಿಲ್ಲ. ದೇವರ ಕೋಣೆಯ ಹಳೇ ಗಂಟೆಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಎದುರಿಗಿಟ್ಟು ಬೆರೆಸಿದೆ. ಕಂದು, ಸ್ವಲ್ಪ ಹಳದಿ, ಬೆರಳ ತುದಿಯಷ್ಟು ಕಪ್ಪು. ರಿಬ್ಬನ್ನಿಗೆ ಇನ್ನೊಂದು ಕೋಟ್ ಬೇಕು, ಒಣಗಿದ ಮೇಲೆ ನೇರಳೆ ಸ್ವಲ್ಪ ಮಂಕಾಗಿದೆ. ವಜ್ರಾಯುಧ ಬರೆಯುವಾಗ ಅದೇ ಹುಡುಗಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಈ ಸಲ ಏನೂ ಹೇಳಲಿಲ್ಲ.

ಹೆಡ್‌ಮಾಸ್ತರಿಗೆ ಈ ಉತ್ತರಗಳನ್ನೆಲ್ಲ ಓದಿ ತೋರಿಸಿದೆ. ಒಪ್ಪಿದರು, ಆದರೆ ತಂದ ಡಬ್ಬಿ ವೇಸ್ಟ್ ಆಯಿತು ಅಂತ ಸಪ್ಪಗಾದರು. ಅದರಲ್ಲಿ ಮೇಲುಗಡೆ ಶಾಲೆಯ ಹೆಸರು ಬರೆದುಕೊಟ್ಟೆ.