ತಾತನ 1968ರ ಫಿಯಟ್‌ಗೆ ಪೂರ್ತಿ ಪೇಂಟ್ ಹೊಡೆಸಿದರೆ ಬೆಲೆ ಏರುತ್ತಾ, ಇಳಿಯುತ್ತಾ?

ತುಮಕೂರು ಫಿಯಟ್:
ಎಲ್ಲರಿಗೂ ನಮಸ್ಕಾರ. ತಾತನ ಫಿಯಟ್ 1100ಡಿ ನಮ್ಮ ತುಮಕೂರಿನ ಮನೆ ಶೆಡ್‌ನಲ್ಲಿದೆ. ಮೈಸೂರು ರಾಜ್ಯ ಅಂತಿದ್ದ ಕಾಲದ ಎಂವೈ ನಂಬರೇ ಇನ್ನೂ ಇದೆ. ಬಣ್ಣ ಕಂಪನಿಯಿಂದ ಬಂದದ್ದೇ, ತಿಳಿ ಬೂದು. ಬಾನೆಟ್ ಮೇಲೆ ಪೂರ್ತಿ ಮಾಸಿದೆ, ಕೈ ಆಡಿಸಿದರೆ ಬೆರಳಿಗೆ ಪುಡಿ ಅಂಟುತ್ತದೆ. ಎಡಗಡೆ ಹಿಂದಿನ ಬಾಗಿಲ ಕೆಳಗೆ ಅಂಗೈಯಗಲ ತುಕ್ಕು. ಶಿರಾ ಗೇಟ್ ಕಡೆಯ ಪೇಂಟರ್ ಒಬ್ಬರು ಎಲ್ಲಾ ಕೆರೆದು ಮೆಟಾಲಿಕ್ ಕೆಂಪು ಹೊಡೆದರೆ ಒಳ್ಳೇ ರೇಟು ಬರುತ್ತದೆ ಅಂದರು. ಅಪ್ಪನಿಗೂ ಮನಸ್ಸಿದೆ. ನನಗೆ ಯಾಕೋ ಧೈರ್ಯ ಬರುತ್ತಿಲ್ಲ.

ಕೋಲಾರದ ಹಳೇ ಗಾಡಿ:
ದಯವಿಟ್ಟು ಕೆಂಪು ಬೇಡ. ಆ ಫಿಯಟ್ ಮೆಟಾಲಿಕ್ ಬಣ್ಣದಲ್ಲಿ ಬಂದದ್ದಲ್ಲ, ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ. ಆರ್‌ಸಿಯಲ್ಲಿ ಬರೆದ ಬಣ್ಣ ಬೇರೆ, ಗಾಡಿಯ ಬಣ್ಣ ಬೇರೆ ಆದರೆ ಆರ್‌ಟಿಒಗೆ ಬೇರೆ ಅಲೆಯಬೇಕು. ಕಂಪನಿ ಬಣ್ಣ ಒಂದು ಸಲ ಕೆರೆದರೆ ಮುಗೀತು, ಎಷ್ಟು ದುಡ್ಡು ಸುರಿದರೂ ವಾಪಸ್ ಬರಲ್ಲ. ಮಾಸಿರುವುದಕ್ಕೆ ಮೊದಲು ರಬ್ಬಿಂಗ್ ಕಾಂಪೌಂಡ್ (ಬಣ್ಣ ಉಜ್ಜಿ ಹೊಳಪು ತರುವ ಪೇಸ್ಟ್) ಹಾಕಿ ಕೈಯಲ್ಲೇ ನಿಧಾನವಾಗಿ ಉಜ್ಜಿ ನೋಡಿ. ಮಷಿನ್ ಬೇಡ, ಮೂಲೆಗಳಲ್ಲಿ ಬಣ್ಣ ತೆಳು ಇರುತ್ತದೆ, ತಗಡು ಕಾಣಿಸಿಬಿಡುತ್ತದೆ.

ಚಿಂತಾಮಣಿ ಅಂಬಾಸಿಡರ್:
ನಾನು ಮಾಡಿದ ತಪ್ಪು ಹೇಳುತ್ತೇನೆ, ನೀವಾದರೂ ಉಳಿಯಿರಿ. ನಮ್ಮ ಮಾರ್ಕ್ 2 ಅಂಬಾಸಿಡರ್‌ಗೆ ಪೂರ್ತಿ ಪೇಂಟ್ ಹೊಡೆಸಿದೆ. ಕನ್ನಡಿ ಹಾಗೆ ಹೊಳೆಯುತ್ತಿತ್ತು. ನೋಡಲು ಬಂದವರು ಜೇಬಿನಿಂದ ಬಟ್ಟೆ ಸುತ್ತಿದ ಸಣ್ಣ ಮ್ಯಾಗ್ನೆಟ್ ತೆಗೆದು ಬಾಗಿಲ ಕೆಳಗೆ ಇಟ್ಟರು, ಅದು ಜಾರಿ ಬಿತ್ತು. ಒಳಗೆ ತಗಡಿಲ್ಲ, ತೂತು ತುಂಬುವ ಪುಟ್ಟಿ ಮಾತ್ರ, ಅದಕ್ಕೆ ಮ್ಯಾಗ್ನೆಟ್ ಅಂಟಲ್ಲ. ತುಕ್ಕು ತೆಗೆಯದೆ ಮೇಲೆ ಮೆತ್ತಿದ್ದಾರೆ ಅಂತ ನನಗೆ ಗೊತ್ತಾಗಿದ್ದೇ ಆವತ್ತು. ಆಮೇಲೆ ಅವರು ಡಿಕ್ಕಿ ಒಳಗೆ, ಬಾಗಿಲ ಸಂದಿಯಲ್ಲೆಲ್ಲಾ ಹಳೇ ಬಣ್ಣ ಹುಡುಕಿದರು. ಹೊಸ ಪೇಂಟ್ ನೋಡಿದರೆ ಕೊಳ್ಳುವವರಿಗೆ ಬರುವ ಮೊದಲ ಅನುಮಾನವೇ ಕೆಳಗೆ ಏನು ಮುಚ್ಚಿದ್ದಾರೆ ಅನ್ನುವುದು.

ಟಿಂಕರ್ ಕೆಲಸದವ:
ಹಾಗಂತ ಪೇಂಟೇ ಮುಟ್ಟಬಾರದು ಅಂತಲ್ಲ. ತುಕ್ಕು ಕಾಯುವುದಿಲ್ಲ, ಒಂದು ಮಳೆಗಾಲ ಬಿಟ್ಟರೆ ಅಂಗೈಯಗಲ ಇದ್ದದ್ದು ಮೊಳಕೈಯಷ್ಟಾಗುತ್ತದೆ. ಆ ಬಾಗಿಲು ಮಾತ್ರ ಬಿಚ್ಚಿ, ಕೊಳೆತ ತಗಡು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ, ಪ್ರೈಮರ್ ಹಾಕಿಸಿ, ಅದೇ ಬೂದು ಬಣ್ಣ ಕಲೆಸಿಸಿ. ಬಿಸಿಲು ಬೀಳದ ಕಡೆ, ಡಿಕ್ಕಿ ಮ್ಯಾಟ್ ಕೆಳಗಿನ ಬಣ್ಣ ನೋಡಿ ಮ್ಯಾಚ್ ಮಾಡಬೇಕು. ಬಾಗಿಲ ಅಡಿಯ ನೀರು ಹೋಗುವ ತೂತು ಮುಚ್ಚಿದ್ದರೆ ಬಿಡಿಸಿ, ತುಕ್ಕು ಹಿಡಿಯುವುದೇ ಅಲ್ಲಿಂದ. ಹಳೇ ಪೇಂಟ್ ಮೇಲೆ ಈಗಿನ ಪಿಯು (ಪಾಲಿಯುರೆಥೇನ್) ಪೇಂಟ್ ನೇರವಾಗಿ ಹೊಡೆದರೆ ಥಿನ್ನರ್‌ಗೆ ಕೆಳಗಿನ ಬಣ್ಣ ಎದ್ದು ಸುಕ್ಕಾಗಬಹುದು, ಅದನ್ನೂ ಕೇಳಿಕೊಳ್ಳಿ. ಬಿಚ್ಚುವ ಮೊದಲು, ಕತ್ತರಿಸಿದ ಮೇಲೆ, ಪ್ರೈಮರ್ ಆದ ಮೇಲೆ ಫೋಟೋ ತೆಗೆದಿಡಿ. ಮಾರುವಾಗ ಆ ಫೋಟೋಗಳೇ ನಿಮ್ಮ ಪರ ಮಾತಾಡುತ್ತವೆ.

ಕೋಲಾರದ ಹಳೇ ಗಾಡಿ:
ಇನ್ನೊಂದು ಮರೆತಿದ್ದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ನಿಯಮ ತಂದಿದೆ. 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಈಗಾಗಲೇ ರಿಜಿಸ್ಟರ್ ಆಗಿರುವ ಗಾಡಿ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಆ ಎಂವೈ ನಂಬರ್ ಜೋಪಾನ ಮಾರಾಯರೇ!

ತುಮಕೂರು ಫಿಯಟ್:
ತುಂಬಾ ಥ್ಯಾಂಕ್ಸ್. ಈಗಷ್ಟೇ ಡಿಕ್ಕಿ ಮ್ಯಾಟ್ ಎತ್ತಿ ನೋಡಿದೆ. ಕೆಳಗೆ ಬಣ್ಣ ಹೊಸದರ ಹಾಗೇ ಇದೆ, ಸ್ವಲ್ಪ ನೀಲಿ ಬೆರೆತ ಬೂದು. ಅಪ್ಪನನ್ನು ಕರೆದು ತೋರಿಸಿದೆ. ತುಂಬಾ ಹೊತ್ತು ನೋಡುತ್ತಾ ನಿಂತರು, ಆಮೇಲೆ ಬಾಗಿಲು ಮಾತ್ರ ಮಾಡಿಸೋಣ ಅಂದರು.