ಪದಚರ್ಚೆ: ವಕೀಲರ ಕಚೇರಿಯ ‘ಕಂಪ್ಲಯನ್ಸ್’ಗೆ ಕನ್ನಡದಲ್ಲಿ ಏನನ್ನೋಣ?

ಅನುವಾದಕಿ, ಬೆಂಗಳೂರು:

ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕು. ಇಲ್ಲಿನ ಒಂದು ವಕೀಲರ ಸಂಸ್ಥೆಗೆ ಅನುವಾದ ಮಾಡಿಕೊಡುತ್ತಿದ್ದೇನೆ. ಒಂದು ಕೊಠಡಿಗೆ ‘ರೆಗ್ಯುಲೇಟರಿ ಕಂಪ್ಲಯನ್ಸ್’ (ಕಾನೂನು, ನಿಯಮಗಳಿಗೆ ತಕ್ಕಂತೆ ನಡೆದುಕೊಳ್ಳುವುದು) ಎಂಬ ಫಲಕ ಬೇಕಾಗಿದೆ. ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಎಂದು 2024ರಲ್ಲಿ ತಿದ್ದುಪಡಿ ಬಂತಲ್ಲ, ಆ ನೆಪದಲ್ಲಿ ಹೊರಗಿನದು ಒಳಗಿನದು ಎನ್ನದೆ ಎಲ್ಲ ಫಲಕಗಳನ್ನೂ ಬದಲಿಸುತ್ತಿದ್ದಾರೆ. ಜೊತೆಗೆ ಕಕ್ಷಿದಾರರಿಗೆ ಕೊಡಲು ನಾಲ್ಕು ಪುಟದ ತಿಳಿವಳಿಕೆ ಪತ್ರವೂ ಇದೆ. ಅದರಲ್ಲಿ ಈ ಪದ ಸಾಲುಸಾಲಿಗೂ ಬರುತ್ತದೆ.

ನನ್ನ ಮುಂದಿರುವುದು ಇಷ್ಟು: ಅನುಸರಣೆ, ಅನುಪಾಲನೆ, ನಿಯಮಪಾಲನೆ, ಬದ್ಧತೆ. ‘ರೆಗ್ಯುಲೇಟರಿ’ಗೆ ‘ನಿಯಂತ್ರಕ’ ಹಾಕಬಹುದಾ? ನಾಳೆ ಸಂಜೆಯೊಳಗೆ ಫಲಕ ಬರೆಯುವವರಿಗೆ ಕಳಿಸಬೇಕು.

ನಿವೃತ್ತ ಅಧಿಕಾರಿ, ಮೈಸೂರು:

ಅನುಪಾಲನೆ. ಸರ್ಕಾರಿ ಕಡತಗಳಲ್ಲಿ ‘ಅನುಪಾಲನಾ ವರದಿ’ ಎಂದೇ ಬರೆಯುತ್ತ ಬಂದಿದ್ದೇವೆ. ಇರುವ ಪದ ಬಿಟ್ಟು ಹೊಸದು ಯಾಕೆ? ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಕನ್ನಡ ಅಧ್ಯಾಪಕ, ಧಾರವಾಡ:

ಚರ್ಚೆಗೆ ಇದೆ. ‘ಅನುಸರಣೆ’ಯಲ್ಲಿ ಇರುವುದು ಸೃ ಧಾತು, ಅಂದರೆ ಹಿಂದೆ ಹೋಗುವುದು. ‘ಪಾಲನೆ’ಯಲ್ಲಿ ಇರುವುದು ಕಾಯುವುದು, ಕಾಪಾಡುವುದು. ನಿಯಮದ ಹಿಂದೆ ಹೋಗುವವನು ದಾರಿ ತಪ್ಪಬಹುದು. ನಿಯಮವನ್ನು ಕಾಯುವವನಿಗೆ ಆ ಅವಕಾಶವಿಲ್ಲ. ಆದ್ದರಿಂದ ಪಾಲನೆ ಇರಲೇಬೇಕು, ‘ಅನು’ ಬೇಕಿಲ್ಲ.

‘ನಿಯಂತ್ರಕ’ ಖಂಡಿತ ಬೇಡ. ಪರೀಕ್ಷಾ ನಿಯಂತ್ರಕರು ಎನ್ನುತ್ತೇವೆ, ಅದು ವ್ಯಕ್ತಿವಾಚಕ. ‘ನಿಯಂತ್ರಕ ಪಾಲನೆ’ ಎಂದರೆ ನಿಯಂತ್ರಕರನ್ನು ಸಾಕುವುದು ಎಂದಾಗುತ್ತದೆ. ರಾಜಪತ್ರದಲ್ಲಿ ಆ್ಯಕ್ಟ್ ಎಂದರೆ ಅಧಿನಿಯಮ, ರೂಲ್ ಎಂದರೆ ನಿಯಮ, ರೆಗ್ಯುಲೇಶನ್ ಎಂದರೆ ವಿನಿಯಮ. ಹಾಗಾಗಿ ‘ವಿನಿಯಮಪಾಲನೆ’ ಎನ್ನಿ. ಸಮಾಸದಲ್ಲಿ ‘ವಿನಿಯಮಪಾಲನಾ ವಿಭಾಗ’.

ಅಚ್ಚಗನ್ನಡದ ಒಲವಿನವರು, ಶಿವಮೊಗ್ಗ:

ನಾಲ್ಕೂ ಬೇಡ, ಅವರು ಹೇಳಿದ ಐದನೆಯದೂ ಬೇಡ. ಎಲ್ಲವೂ ಸಂಸ್ಕೃತದ ಎರವಲು. ನಮ್ಮಲ್ಲಿ ‘ಕಟ್ಟಳೆ’ ಇದೆ. ಕಟ್ಟು, ಕಟ್ಟಳೆ, ಕಟ್ಟುಪಾಡು, ಕಟ್ಟುನಿಟ್ಟು, ಎಲ್ಲ ಒಂದೇ ಬೇರಿನವು. ‘ಕಟ್ಟಳೆನಡೆ’ ಎಂದು ಬರೆಯಿರಿ. ಮೊದಮೊದಲು ಹೊಸದು ಅನಿಸುತ್ತದೆ, ನಿಜ. ಬಳಸಿದರೆ ತಾನೇ ನಾಲಿಗೆಗೆ ಹತ್ತುವುದು?

ಪತ್ರಕರ್ತೆ, ಮಂಡ್ಯ:

‘ಅನುಸರಣೆ’ಯನ್ನು ಮಾತ್ರ ಬಾಗಿಲಿಗೆ ಹಾಕಬೇಡಿ. ‘ಸ್ವಲ್ಪ ಅನುಸರಿಸಿಕೊಂಡು ಹೋಗಿ’ ಎಂದು ನಮ್ಮ ಕಡೆ ಯಾವಾಗ ಹೇಳುತ್ತಾರೆ? ನಿಯಮ ಪಕ್ಕಕ್ಕಿಟ್ಟು ಹೊಂದಿಕೊಳ್ಳಿ ಎನ್ನುವಾಗ. ‘ಅನುಸರಣಾಧಿಕಾರಿ’ ಎಂದು ಓದಿದ ಕಕ್ಷಿದಾರರು, ಇಲ್ಲಿ ಹೊಂದಾಣಿಕೆ ನಡೆಯುತ್ತೆ ಅಂದುಕೊಂಡರೆ ತಪ್ಪು ಅವರದಲ್ಲ.

ಮೈಸೂರಿನ ಸರ್ ಹೇಳಿದ ಅನುಪಾಲನೆಗೂ ಒಂದು ತೊಡಕಿದೆ. ಗ್ರಾಮ ಪಂಚಾಯಿತಿ ಸಭೆಯಲ್ಲಿ ‘ಹಿಂದಿನ ಸಭೆಯ ಅನುಪಾಲನಾ ವರದಿ’ ಓದುತ್ತಾರೆ. ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬಂದರೆ ಅದಕ್ಕೆ ಅನುಪಾಲನಾ ವರದಿ ಕೊಡುತ್ತಾರೆ. ಅಂದರೆ ಮೊದಲು ಯಾರೋ ಹೇಳಿದ್ದಾರೆ, ಆಮೇಲೆ ಇವರು ಏನು ಮಾಡಿದರು ಎಂಬ ಉತ್ತರ. ಇಲ್ಲಿ ಬೇಕಾಗಿರುವುದು ದಿನವೂ ಮಾಡುವ ಕೆಲಸದ ಹೆಸರು ಅಲ್ವಾ?

ವಕೀಲ, ಹುಬ್ಬಳ್ಳಿ:

ಧಾತು, ಬೇರು ಎಲ್ಲ ನೋಡಿದಿರಿ. ಇದು ಯಾವ ಕಂಪ್ಲಯನ್ಸ್ ಅಂತ ಯಾರೂ ಕೇಳಲಿಲ್ಲ. ವಕೀಲರ ಕಚೇರಿಯಲ್ಲಿ ಈ ಪದವನ್ನು ಎರಡು ಅರ್ಥದಲ್ಲಿ ಬಳಸುತ್ತೇವೆ. ಪಿಎಫ್ ಕಟ್ಟಿದ್ದೀರಾ, ಕಂಪನಿ ಕಾಯ್ದೆಯ ರಿಟರ್ನ್ಸ್ ಸಲ್ಲಿಸಿದ್ದೀರಾ ಎಂದು ಕಂಪನಿಗಳಿಗೆ ಸಲಹೆ ಕೊಡುವುದು ಒಂದು. ಅದು ದುಡ್ಡು ತೆಗೆದುಕೊಂಡು ಮಾಡುವ ಸೇವೆ. ವಕೀಲರು ತಮ್ಮ ಮೇಲಿರುವ ನಿಯಮಗಳನ್ನು ತಾವೇ ಪಾಲಿಸುವುದು ಇನ್ನೊಂದು. ಮೇಡಂ, ನಿಮ್ಮ ಪತ್ರದಲ್ಲಿ ಇರುವುದು ಯಾವುದು?

ಎರಡನೆಯದಾದರೆ ‘ನಿಯಮ’ವೇ ಸರಿಯಾದ ಪದ, ‘ವಿನಿಯಮ’ ಅಲ್ಲ. 1961ರ ವಕೀಲರ ಕಾಯ್ದೆಯ 49ನೇ ಕಲಂ ಪ್ರಕಾರ ಭಾರತೀಯ ವಕೀಲರ ಪರಿಷತ್ತು ಮಾಡಿರುವುದು ನಿಯಮಗಳನ್ನು. ಅವೇನೂ ಒಣ ಮಾತಲ್ಲ. ಖರ್ಚಿಗೆಂದು ಕಕ್ಷಿದಾರರು ಕೊಟ್ಟ ಹಣ ಬೇರೆ, ಫೀಸು ಬೇರೆ. ಬಂದ ಹಣ ಯಾವುದಕ್ಕೆ ಬಂತು ಎಂದು ಲೆಕ್ಕದಲ್ಲಿ ಬರೆದಿಡಬೇಕು. ಸ್ಟಾಂಪು, ನಕಲು, ಪ್ರೊಸೆಸ್ ಫೀ ಅಂತ ಕೊಟ್ಟ ದುಡ್ಡನ್ನು, ಕೇಸು ನಡೆಯುತ್ತಿರುವಾಗ ಅವರ ಲಿಖಿತ ಒಪ್ಪಿಗೆ ಇಲ್ಲದೆ ಫೀಸಿಗೆ ತಿರುಗಿಸುವಂತಿಲ್ಲ. ಗೆದ್ದರೆ ಇಷ್ಟು ಪಾಲು ಎಂದು ಫೀಸು ಮಾತಾಡುವಂತಿಲ್ಲ. ಮುರಿದರೆ 35ನೇ ಕಲಂ ಇದೆ. ರಾಜ್ಯ ಪರಿಷತ್ತಿನ ಶಿಸ್ತು ಸಮಿತಿ ಛೀಮಾರಿ ಹಾಕಬಹುದು, ಇಷ್ಟು ಕಾಲ ಅಮಾನತು ಮಾಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆಯಬಹುದು. ಕಕ್ಷಿದಾರರಿಗೆ ಇದೆಲ್ಲ ಗೊತ್ತಿರುವುದೇ ಕಡಿಮೆ. ಗೊತ್ತಾಗಲಿ ಎಂಬುದು ನನ್ನ ಆಸೆ. ಅದಕ್ಕೇ ಪದ ಅವರಿಗೆ ಥಟ್ಟನೆ ಹೊಳೆಯಬೇಕು. ‘ನಿಯಮ ಪಾಲಿಸಿ’ ಎಂದು ಬಸ್ಸಿನ ಹಿಂದೆಯೂ ಬರೆದಿರುತ್ತಾರೆ. ಹಾಗಾಗಿ ನನ್ನ ಮತ ‘ನಿಯಮಪಾಲನೆ’ಗೆ.

ಇನ್ನೊಂದು ಮಾತು. ಇಂಗ್ಲೆಂಡಿನಲ್ಲಿ ಎಸ್‌ಆರ್‌ಎ ಎಂಬ, ಸಾಲಿಸಿಟರ್‌ಗಳ ಮೇಲ್ವಿಚಾರಣೆ ಮಾಡುವ ಪ್ರಾಧಿಕಾರವು ವಕೀಲರ ಸಂಸ್ಥೆಗೇ ಅನುಮತಿ ಕೊಡುತ್ತದೆ. ಅಂಥ ಸಂಸ್ಥೆಯಲ್ಲಿ ವಕೀಲಿ ಕೆಲಸಕ್ಕೆ ಒಂದು, ಹಣಕಾಸು ಮತ್ತು ಆಡಳಿತಕ್ಕೆ ಒಂದು, ಹೀಗೆ ಎರಡು ಕಂಪ್ಲಯನ್ಸ್ ಹುದ್ದೆ ಇರಲೇಬೇಕು. ನಮ್ಮಲ್ಲಿ ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ಸಿಗುವುದು ವಕೀಲರಿಗೆ, ಸಂಸ್ಥೆಗಲ್ಲ. ಕೊಠಡಿಗೆ ಯಾವ ಫಲಕ ಹಾಕಿದರೂ ಉತ್ತರ ಹೇಳಬೇಕಾದವರು ಸನ್ನದು ಇರುವ ಒಬ್ಬೊಬ್ಬರೂ. ಪತ್ರದಲ್ಲಿ ‘ನಮ್ಮ ಸಂಸ್ಥೆ ಪಾಲಿಸುತ್ತದೆ’ ಎನ್ನುವ ಬದಲು ‘ನಮ್ಮ ವಕೀಲರು ಪಾಲಿಸುತ್ತಾರೆ’ ಎಂದು ಬರೆಯಿರಿ.

ಫಲಕ ರಸ್ತೆಗೆ ಕಾಣುತ್ತಾ? ಕಂಡರೆ ಜೋಪಾನ. ಪರಿಷತ್ತಿನ 36ನೇ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಡುವಂತಿಲ್ಲ, ಕೆಲಸ ಕೇಳಿಕೊಂಡು ಹೋಗುವಂತಿಲ್ಲ. ಫಲಕ ಹಿತಮಿತವಾದ ಅಳತೆಯಲ್ಲಿ ಇರಬೇಕು. ಇಂಥ ಕೆಲಸದಲ್ಲಿ ಪರಿಣತರು ಎಂದು ಅದರಲ್ಲಿ ಸೂಚಿಸುವಂತಿಲ್ಲ. 2008ರಲ್ಲಿ ಸಡಿಲಿಸಿದ್ದು ವೆಬ್‌ಸೈಟಿಗೆ ಮಾತ್ರ, ಅದೂ ಗೊತ್ತುಪಡಿಸಿದ ವಿವರಗಳಿಗೆ. ಪತ್ರವನ್ನು ಹೊರಗಿನವರಿಗೆ ಹಂಚಿದರೆ ನಿಯಮಪಾಲನೆಯ ಪತ್ರವೇ ನಿಯಮ ಮುರಿದಂತೆ.

ಅನುವಾದಕಿ, ಬೆಂಗಳೂರು:

ತುಂಬಾ ಉಪಕಾರವಾಯಿತು ಸರ್. ಫಲಕ ಒಳಗಿನ ಬಾಗಿಲಿಗೆ. ಪತ್ರ ಈಗಾಗಲೇ ವಕಾಲತ್ತು ಕೊಟ್ಟವರಿಗೆ ಮಾತ್ರ, ಅದನ್ನು ಕೇಳಿ ಖಚಿತ ಮಾಡಿಕೊಂಡೆ. ಪತ್ರದಲ್ಲಿ ಎರಡೂ ಅರ್ಥ ಕಲಸಿಹೋಗಿವೆ. ವಕೀಲರದಕ್ಕೆ ‘ನಿಯಮಪಾಲನೆ’, ಕಂಪನಿಗಳಿಗೆ ಕೊಡುವ ಸಲಹೆಗೆ ‘ಕಾನೂನುಪಾಲನೆ ಸಲಹೆ’ ಎಂದು ಬೇರೆ ಮಾಡಲಾ?

ಕನ್ನಡ ಅಧ್ಯಾಪಕ, ಧಾರವಾಡ:

‘ಕಾನೂನುಪಾಲನೆ’ ಅರಿಸಮಾಸ. ಅರಬ್ಬಿಗೆ ಸಂಸ್ಕೃತ ಅಂಟಿಸಿದ್ದೀರಿ. ಒಪ್ಪಲಾಗದು.

ಪತ್ರಕರ್ತೆ, ಮಂಡ್ಯ:

‘ಜಿಲ್ಲಾಧಿಕಾರಿ’ಯಲ್ಲಿ ‘ಜಿಲ್ಲಾ’ ಎಲ್ಲಿಂದ ಬಂತು ಸರ್? ಅದೂ ಅರಬ್ಬಿಯೇ. ಸವರ್ಣದೀರ್ಘ ಸಂಧಿಯನ್ನೂ ಮಾಡಿಕೊಂಡು ಇಡೀ ನಾಡು ಬಳಸುತ್ತಿದೆ. ಅದನ್ನು ತಿದ್ದಿ ಬಂದು ಆಮೇಲೆ ಇದನ್ನು ಬೇಡ ಅನ್ನಿ.

ಅಚ್ಚಗನ್ನಡದ ಒಲವಿನವರು, ಶಿವಮೊಗ್ಗ:

ಇದನ್ನೇ ನಾನು ಹೇಳುವುದು. ಅರಬ್ಬಿಯಾದರೆ ಮೈಲಿಗೆ, ಸಂಸ್ಕೃತವಾದರೆ ಮಡಿ ಎಂಬ ಲೆಕ್ಕ ಯಾಕೆ? ಎರಡೂ ಎರವಲೇ.

ವಕೀಲ, ಹುಬ್ಬಳ್ಳಿ:

ವಕೀಲ, ವಕಾಲತ್ತು, ಕಾನೂನು, ಸನ್ನದು, ದಾವೆ, ಅರ್ಜಿ, ರುಜು, ಜಾಮೀನು. ಇವನ್ನೆಲ್ಲ ತೆಗೆದರೆ ನಾನು ನಾಳೆ ಕೋರ್ಟಿನಲ್ಲಿ ಬಾಯಿ ತೆರೆಯುವಂತಿಲ್ಲ. ಹಳ್ಳಿಯಿಂದ ಬಂದ ಕಕ್ಷಿದಾರರಿಗೆ ‘ಜಾಮೀನು ಸಿಕ್ಕಿತು’ ಅಂದರೆ ಕಣ್ಣಲ್ಲಿ ನೀರು ಬರುತ್ತೆ. ಆ ಪದ ಅವರದು. ಎಲ್ಲಿಂದ ಬಂತು ಅನ್ನುವುದು ನಿಘಂಟಿನ ಕೆಲಸ. ಕಟ್ಟಳೆಯೂ ಒಳ್ಳೆಯ ಪದವೇ, ಆದರೆ ‘ಕಟ್ಟಳೆನಡೆ’ಯನ್ನು ವಿವರಿಸಲು ಫಲಕದ ಪಕ್ಕ ಒಬ್ಬರು ನಿಂತಿರಬೇಕಾಗುತ್ತದೆ.

ಅಚ್ಚಗನ್ನಡದ ಒಲವಿನವರು, ಶಿವಮೊಗ್ಗ:

‘ವಕೀಲ’ ಪದವೂ ಒಂದು ಕಾಲಕ್ಕೆ ಹೊಸದಾಗಿತ್ತು. ಆಗ ಯಾರು ನಿಂತು ವಿವರಿಸಿದರು?

ನಿವೃತ್ತ ಅಧಿಕಾರಿ, ಮೈಸೂರು:

ವಿಷಯ ಎಲ್ಲಿಗೋ ಹೋಯಿತು. ಮಂಡ್ಯದವರು ಹೇಳಿದ ವ್ಯತ್ಯಾಸ ಸರಿ ಇದೆ. ಆದರೆ ‘ಅನುಪಾಲನೆ’ಯನ್ನು ಪೂರ್ತಿ ಬಿಡಬೇಡಿ. ಪರಿಷತ್ತಿನಿಂದ ನೋಟಿಸು ಬಂದು, ಅದರಂತೆ ಏನು ಮಾಡಿದೆವು ಎಂದು ತಿಳಿಸುವ ಕಾಗದ ಇದ್ದರೆ ಅದು ‘ಅನುಪಾಲನಾ ವರದಿ’ಯೇ. ಅಲ್ಲಿ ಬೇರೆ ಪದ ಹಾಕಿದರೆ ಗುಮಾಸ್ತರಿಗೆ ತಿಳಿಯುವುದಿಲ್ಲ.

ಅನುವಾದಕಿ, ಬೆಂಗಳೂರು:

ಅಂಥ ಕಾಗದದ ಪ್ರಸ್ತಾಪ ಮೂರನೇ ಪುಟದಲ್ಲಿ ಇದೆ ಸರ್, ಅಲ್ಲಿ ನಿಮ್ಮ ಪದವನ್ನೇ ಉಳಿಸುತ್ತೇನೆ. ಫಲಕಕ್ಕೆ ‘ನಿಯಮಪಾಲನಾ ವಿಭಾಗ’ ಎಂದು ಕಳಿಸಿಯಾಯಿತು. ‘ಕಾನೂನುಪಾಲನೆ ಸಲಹೆ’ಯನ್ನೂ ಇಟ್ಟುಕೊಂಡೆ, ಧಾರವಾಡದ ಸರ್ ಕ್ಷಮಿಸಬೇಕು.

ಇನ್ನೊಂದು ಉಳಿದಿದೆ. ಒಂದು ಕಡೆಯವರಿಗೆ ವಕಾಲತ್ತು ಮಾಡಿದವರು ಅದೇ ವ್ಯಾಜ್ಯದಲ್ಲಿ ಎದುರಾಳಿ ಪರ ನಿಲ್ಲಬಾರದು ಎಂಬ 33ನೇ ನಿಯಮ ಇದೆಯಲ್ಲ. ಅದಕ್ಕಾಗಿ ಹೊಸ ಕೇಸು ಹಿಡಿಯುವ ಮೊದಲು ಹಳೆಯ ಕಕ್ಷಿದಾರರ ಪಟ್ಟಿ ತೆಗೆದು ನೋಡುತ್ತಾರೆ. ಅವರು ‘ಕಾನ್‌ಫ್ಲಿಕ್ಟ್ ಚೆಕ್’ ಎನ್ನುತ್ತಾರೆ. ‘ಹಿತಾಸಕ್ತಿ ಸಂಘರ್ಷ ಪರಿಶೀಲನೆ’ ತುಂಬಾ ಉದ್ದ ಆಯಿತು. ಚಿಕ್ಕದು ಯಾವುದಾದರೂ ಇದೆಯಾ?

ಕನ್ನಡ ಅಧ್ಯಾಪಕ, ಧಾರವಾಡ:

ಬೇರೆ ಶೀರ್ಷಿಕೆ ಕೊಟ್ಟು ಹೊಸ ಪತ್ರ ಹಾಕಿ. ‘ಹಿತಾಸಕ್ತಿ’ ಪದದ ಬಗ್ಗೆಯೇ ನನಗೆ ಹೇಳುವುದಿದೆ.